ವಜ್ರದೂರಿನ ಸ್ಟೆಂಟು, ಮಣಿಪಾಲದ ವಲಿಯತ್ತಾನ್

ಚಿಕ್ಕಪೇಟೆಯ ಅಂಗಡಿಗಳಲ್ಲಿ ‘ಸೂರತ್ ಮಾಲು’ ಎಂದರೆ ಮಿರಿಮಿರಿ ಮಿಂಚುವ, ಒಗೆದರೆ ಇಸ್ತ್ರಿ ಕೇಳದ, ಜೇಬಿಗೆ ಭಾರವಾಗದ ಸೀರೆ. ಒಡವೆ ಅಂಗಡಿಯವರಿಗೆ ಅದೇ ಊರು ವಜ್ರದ ಊರು. ಜಗತ್ತಿನ ಬಹುಪಾಲು ವಜ್ರಗಳಿಗೆ ಮುಖ ಕಡೆದು ಹೊಳಪು ಕೊಡುವುದು ಅಲ್ಲಿಯೇ. ಮೂರನೆಯದೊಂದು ಸೂರತ್ ಇದೆ. ಅದು ನಮ್ಮಲ್ಲಿ ಅನೇಕರ ಎದೆಯೊಳಗೆ ಸದ್ದಿಲ್ಲದೆ ಸೇರಿಕೊಂಡಿದೆ. ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡವರ ಡಿಸ್ಚಾರ್ಜ್ ಕಾಗದಗಳ ನಡುವೆ ಒಂದು ಪುಟ್ಟ ಸ್ಟಿಕ್ಕರ್ ಅಂಟಿಸಿರುತ್ತಾರೆ: ಸ್ಟೆಂಟಿನ ಹೆಸರು, ಅಗಲ, ಉದ್ದ, ಬ್ಯಾಚ್ ನಂಬರು, ತಯಾರಿಸಿದವರು ಯಾರು. ಬಿಲ್ಲಿನ ಮೊತ್ತ ನೋಡಿ ಬಂದ ಕಣ್ಣು ಅದರ ಮೇಲೆ ನಿಲ್ಲುವುದು ಕಡಿಮೆ. ನಿಂತರೆ, ಎಷ್ಟೋ ಮಂದಿಗೆ ಸೂರತ್ತಿನ ಹೆಸರು ಕಂಡೀತು.

ವಜ್ರಕ್ಕೂ ಹೃದಯಕ್ಕೂ ನಂಟು ಬೆಸೆದದ್ದು ಲೇಸರ್. ಕಚ್ಚಾ ವಜ್ರವನ್ನು ಹಿಂದೆ ಗಿರಗಿರ ತಿರುಗುವ ತೆಳು ಅಲಗಿನಿಂದ ಕೊಯ್ಯುತ್ತಿದ್ದರು. ಹೊತ್ತು ಹಿಡಿಯುತ್ತಿತ್ತು, ಕಲ್ಲು ಒಡೆದು ನಷ್ಟವಾಗುವುದೂ ಇತ್ತು. 1990ರ ದಶಕದಲ್ಲಿ ಸೂರತ್ತಿನ ಸಹಜಾನಂದ್ ಬಳಗ ವಜ್ರ ಕೊಯ್ಯುವ ಲೇಸರ್ ಯಂತ್ರಗಳನ್ನು ಅಲ್ಲಿಯೇ ತಯಾರಿಸತೊಡಗಿತು. ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಬೆಳಕಿನಿಂದ ಕತ್ತರಿಸುವ ಕೆಲಸ ಒಮ್ಮೆ ಕೈಗೆ ಹತ್ತಿದ ಮೇಲೆ ಕತ್ತರಿಸುವುದು ವಜ್ರವನ್ನೇ ಆಗಬೇಕೆಂದೇನೂ ಇಲ್ಲ. ಆ ಬಳಗದ ಧೀರಜ್‌ಲಾಲ್ ಕೋಟಡಿಯಾ ಅದೇ ಕಸುಬನ್ನು ಲೋಹದ ಕೊಳವೆಯ ಕಡೆಗೆ ತಿರುಗಿಸಿದರು. ಸಹಜಾನಂದ್ ಮೆಡಿಕಲ್ ಟೆಕ್ನಾಲಜೀಸ್ ಹುಟ್ಟಿದ್ದು ಹಾಗೆ.

ಸ್ಟೆಂಟ್ ಎಂಬುದು ಶುರುವಿನಲ್ಲಿ ಬರೀ ಒಂದು ಕೊಳವೆ: ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆಸಿದ ಲೋಹದ್ದು, ದಪ್ಪ ಎರಡು ಮಿಲಿಮೀಟರಿನ ಆಸುಪಾಸು. ಕೊಳವೆ ತಿರುಗುತ್ತ ಮುಂದೆ ಸರಿದಂತೆ ಲೇಸರ್ ಅದರ ಮೈಯಿಂದ ಬೇಡದ್ದನ್ನೆಲ್ಲ ಸುಟ್ಟು ತೆಗೆಯುತ್ತದೆ. ಉಳಿಯುವುದು ಒಂದು ಜಾಲರಿ. ಅಂಚಿನಲ್ಲಿ ನಿಂತ ಸುಟ್ಟ ಲೋಹದ ಮುಳ್ಳುಗಳನ್ನು ಆಮ್ಲದಲ್ಲಿ ವಿದ್ಯುತ್ ಹಾಯಿಸಿ ನುಣುಪು ಮಾಡುತ್ತಾರೆ. ಮೇಲೆ ಸಿರೋಲಿಮಸ್ ಎಂಬ ಔಷಧದ ತೆಳು ಲೇಪನ. ಕೊನೆಗೆ ಮಡಿಸಿದ ಬಲೂನಿನ ಮೇಲೆ ಜಾಲರಿಯನ್ನು ಅಮುಕಿ ಕೂರಿಸುತ್ತಾರೆ. ರೋಗಿಯ ಕೈಯ ಅಥವಾ ತೊಡೆಸಂದಿನ ರಕ್ತನಾಳದಿಂದ ಹೊರಟ ತಂತಿಯ ಮೇಲೆ ಇದು ಹೃದಯದವರೆಗೆ ಹೋಗಿ, ಕಟ್ಟಿಕೊಂಡ ಜಾಗದಲ್ಲಿ ಬಲೂನು ಉಬ್ಬಿದಾಗ ತಾನೂ ಅರಳಿ ನಾಳದ ಗೋಡೆಗೆ ಒತ್ತಿ ನಿಲ್ಲುತ್ತದೆ. ಬಲೂನು ವಾಪಸು ಬರುತ್ತದೆ, ಜಾಲರಿ ಬರುವುದಿಲ್ಲ. ಗಾಯ ಮಾಯುವ ಭರದಲ್ಲಿ ಮಾಂಸ ಅತಿಯಾಗಿ ಬೆಳೆದು ದಾರಿ ಮತ್ತೆ ಮುಚ್ಚದಂತೆ ಔಷಧ ಕೆಲವು ವಾರ ಕಾಯುತ್ತದೆ.

ಸಹಜಾನಂದ್‌ನವರ ಸುಪ್ರಾಫ್ಲೆಕ್ಸ್ ಸ್ಟೆಂಟಿನಲ್ಲಿ ಜಾಲರಿಯ ಎಳೆಯ ದಪ್ಪ 60 ಮೈಕ್ರಾನ್. ಒಂದು ಮಿಲಿಮೀಟರನ್ನು ಹದಿನಾರಾಗಿ ಸೀಳಿದರೆ ಹೆಚ್ಚುಕಡಿಮೆ ಒಂದು ಪಾಲು. ಎಳೆ ತೆಳುವಾದಷ್ಟೂ ರಕ್ತದ ಹರಿವಿಗೆ ಅಡ್ಡಿ ಕಡಿಮೆ, ನಾಳದ ಒಳಪೊರೆ ಅದನ್ನು ಮುಚ್ಚಿಕೊಳ್ಳುವುದೂ ಬೇಗ. ಯುರೋಪಿನ ಆಸ್ಪತ್ರೆಗಳಲ್ಲಿ 1,435 ರೋಗಿಗಳ ಮೇಲೆ ಇದನ್ನು ಅಮೆರಿಕದ ಹೆಸರಾಂತ ಝಯನ್ಸ್ ಸ್ಟೆಂಟಿನ ಎದುರು ಇಟ್ಟು ನೋಡಿದರು. ಸೂರತ್ತಿನದು ಅದಕ್ಕಿಂತ ಕೀಳಲ್ಲ ಎಂಬ ಫಲಿತಾಂಶ 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ದಕ್ಷಿಣಕ್ಕೆ ವಾಪಿಯಲ್ಲಿರುವ ಮೆರಿಲ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎದೆ ತೆರೆಯದೆ ತೊಡೆಯ ನಾಳದಿಂದಲೇ ಕೂರಿಸಬಹುದಾದ ‘ಮೈವಾಲ್’ ಕವಾಟವನ್ನು ತಯಾರಿಸಿತು. ಬೇರೆ ಕಂಪನಿಯ ಬಲೂನು ಕವಾಟಗಳು 20, 23, 26, 29 ಮಿಲಿಮೀಟರ್ ಎಂದು ಮೂರು ಮೂರರ ಅಂತರದಲ್ಲಿ ಸಿಗುತ್ತವೆ. ವಾಪಿಯವರು ನಡುವೆ 21.5, 24.5, 27.5 ಎಂದು ಅರ್ಧ ಅಳತೆಗಳನ್ನೂ ತಂದರು. ಚಪ್ಪಲಿ ಅಂಗಡಿಯಲ್ಲಿ ಏಳು ಬಿಗಿ, ಎಂಟು ಸಡಿಲ ಎಂದು ಒದ್ದಾಡಿದವರಿಗೆ ಇದರ ಬೆಲೆ ಹೇಳಬೇಕಿಲ್ಲ. 768 ರೋಗಿಗಳ ಮೇಲೆ ನಡೆದ ಇದರ ಪರೀಕ್ಷೆಯ ವರದಿಯೂ 2024ರಲ್ಲಿ ‘ಲ್ಯಾನ್ಸೆಟ್’ನಲ್ಲೇ ಬಂತು.

ಹೀಗೆ ಬರೆಯುತ್ತ ಹೋದರೆ ಇದೊಂದು ಉದ್ಯಮದ ಜಾಹೀರಾತಾದೀತು. ನನ್ನ ಕುತೂಹಲ ಬೇರೆ. ಈ ಗುಜರಾತಿನ ಕಥೆಯಲ್ಲಿ ಯಂತ್ರದವರು ಮೊದಲು ಬಂದರು, ವೈದ್ಯರು ಆಮೇಲೆ ಬಂದರು. ಹೃದಯ ಚಿಕಿತ್ಸೆಯ ಇತಿಹಾಸದಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಕೈ ರಕ್ತದಲ್ಲಿರುವಾಗಲೇ ‘ಇಂಥದ್ದೊಂದು ಸಾಧನ ಇದ್ದಿದ್ದರೆ’ ಎಂದು ಚಡಪಡಿಸಿದ ಸರ್ಜನ್ನುಗಳೇ ಬಹಳಷ್ಟು ಸಾಧನಗಳ ಮೂಲಪುರುಷರು. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಎಳೆದು ತೆಗೆಯುವ ಬಲೂನು ಕೊಳವೆಯನ್ನು ಅಮೆರಿಕದ ಥಾಮಸ್ ಫೋಗಾರ್ಟಿ ಮೊದಲು ಮಾಡಿದ್ದು ಸರ್ಜನ್ನರ ರಬ್ಬರ್ ಕೈಗವಸಿನ ಬೆರಳತುದಿ ಕತ್ತರಿಸಿ, ಮೀನಿನ ಗಾಳಕ್ಕೆ ಹಾಕುವ ಗಂಟಿನಿಂದ ಕೊಳವೆಗೆ ಕಟ್ಟಿ.

ಆದರೆ ಈ ಒಂಟಿ ಪ್ರತಿಭೆಯ ಕಥೆಗಳನ್ನು ನಾನು ಪೂರ್ತಿ ನಂಬುವುದಿಲ್ಲ. 1958ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಊರಿನಲ್ಲಿ ಆಲ್ಬರ್ಟ್ ಸ್ಟಾರ್ ಎಂಬ ಯುವ ಸರ್ಜನ್ ಬಳಿಗೆ ಲೊವೆಲ್ ಎಡ್ವರ್ಡ್ಸ್ ಎಂಬ ನಿವೃತ್ತ ಎಂಜಿನಿಯರ್ ಬಂದರು. ಪಂಪುಗಳ ವಿದ್ಯೆಯಲ್ಲಿ ಪಳಗಿದ ಮನುಷ್ಯ. ಎರಡನೇ ಮಹಾಯುದ್ಧದ ವಿಮಾನಗಳಿಗೆ ಇಂಧನ ಪಂಪು ಮಾಡಿಕೊಟ್ಟು ಹಣ ಕಂಡವರು. ‘ಕೃತಕ ಹೃದಯ ಮಾಡೋಣ’ ಎಂಬುದು ಅವರ ಬೇಡಿಕೆ. ಇಡೀ ಹೃದಯ ಆಮೇಲೆ, ಮೊದಲು ಒಂದು ಕವಾಟ ಮಾಡೋಣ ಎಂದರು ಸ್ಟಾರ್. ಎರಡೇ ವರ್ಷದಲ್ಲಿ, 1960ರಲ್ಲಿ, ಪಂಜರದೊಳಗೆ ಚೆಂಡು ಮೇಲೆ ಕೆಳಗೆ ಆಡುವ ಸ್ಟಾರ್–ಎಡ್ವರ್ಡ್ಸ್ ಕವಾಟ ಮನುಷ್ಯನ ಎದೆಯಲ್ಲಿ ಕೆಲಸ ಶುರುಮಾಡಿತು. ಸರ್ಜನ್ನನ ಅವಸರಕ್ಕೆ ಎಂಜಿನಿಯರನ ನಿಧಾನ ಸಿಕ್ಕಿತು, ಎಂಜಿನಿಯರನ ಹಗಲುಗನಸಿಗೆ ಸರ್ಜನ್ನನ ಕಡಿವಾಣ. ಇಬ್ಬರ ಹೆಸರೂ ಕವಾಟದ ಮೇಲೆ ಉಳಿದದ್ದು ನ್ಯಾಯವೇ.

ಭಾರತದಲ್ಲಿ ಇಂಥ ಜೋಡಿ ಕೂಡಿಬಂದ ಕಥೆ ಬೇಕೆಂದರೆ ಗುಜರಾತು ಬಿಟ್ಟು ನಮ್ಮ ಮಣಿಪಾಲಕ್ಕೆ ಬರಬೇಕು, ಅಲ್ಲಿಂದ ತಿರುವನಂತಪುರಕ್ಕೆ. ಮಣಿಪಾಲದಲ್ಲಿ ಕೊನೆಯವರೆಗೂ ಓದುತ್ತ ಬರೆಯುತ್ತ ಇದ್ದು, 2024ರ ಜುಲೈ 17ರಂದು 90ನೇ ವಯಸ್ಸಿನಲ್ಲಿ ತೀರಿಕೊಂಡ ಡಾ. ಎಂ.ಎಸ್. ವಲಿಯತ್ತಾನ್ ಕರಾವಳಿಯ ಹಲವರಿಗೆ ಮಾಹೆಯ, ಅಂದರೆ ಮಣಿಪಾಲ ವಿಶ್ವವಿದ್ಯಾಲಯದ, ‘ಮೊದಲ ವೈಸ್ ಚಾನ್ಸಲರ್’ ಎಂದೇ ಗೊತ್ತು. 1993ರಿಂದ 1999ರವರೆಗೆ ಆ ಕುರ್ಚಿಯಲ್ಲಿದ್ದರು. ಆಮೇಲೆ ಚರಕ, ಸುಶ್ರುತ, ವಾಗ್ಭಟರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಮೂರು ದಪ್ಪ ಪುಸ್ತಕ ಬರೆದರು. 2005ರಲ್ಲಿ ಪದ್ಮವಿಭೂಷಣ ಬಂತು. ಇಷ್ಟೆಲ್ಲ ಗೊತ್ತಿದ್ದವರಿಗೂ ಈ ಮನುಷ್ಯ ತನ್ನ ನಡುಹರೆಯದ ಎರಡು ದಶಕ ಏನು ಮಾಡಿದರು ಎಂಬುದು ಅಷ್ಟಾಗಿ ತಿಳಿದಂತಿಲ್ಲ.

ಹುಟ್ಟಿದ್ದು 1934ರಲ್ಲಿ, ಕೇರಳದ ಮಾವೇಲಿಕ್ಕರದಲ್ಲಿ. ತಿರುವನಂತಪುರದಲ್ಲಿ ಎಂಬಿಬಿಎಸ್, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಸರ್ಜರಿ, ಆಮೇಲೆ ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆ. ಅಲ್ಲಿ ಅವರು ಕೆಲಸ ಕಲಿತವರಲ್ಲಿ ಒಬ್ಬರು ಚಾರ್ಲ್ಸ್ ಹಫ್‌ನಗೆಲ್. ಸ್ಟಾರ್‌ಗಿಂತಲೂ ಮೊದಲು, 1952ರಲ್ಲೇ, ಮನುಷ್ಯನ ಮಹಾಧಮನಿಯಲ್ಲಿ ಪ್ಲಾಸ್ಟಿಕ್ ಚೆಂಡಿನ ಕವಾಟ ಕೂರಿಸಿದವರು ಅವರು. ಕವಾಟವೆಂದರೆ ಪೆಟ್ಟಿಗೆಯಲ್ಲಿ ಬರುವ ಸಾಮಾನು ಎಂದಷ್ಟೇ ತಿಳಿಯದೆ, ಅದನ್ನು ಒಬ್ಬ ಸರ್ಜನ್ ಕೂತು ಕಟ್ಟಬಹುದು ಎಂಬುದನ್ನು ವಲಿಯತ್ತಾನ್ ಕಣ್ಣಾರೆ ಕಂಡರು.

1970ರ ದಶಕದ ಆರಂಭದಲ್ಲಿ ಅವರು ಭಾರತಕ್ಕೆ ಮರಳಿದರು. ತಿರುವನಂತಪುರದಲ್ಲಿ ತಿರುವಾಂಕೂರು ರಾಜಮನೆತನ ದಾನ ಕೊಟ್ಟ ಆಸ್ಪತ್ರೆ ಕಟ್ಟಡವೊಂದು ಯಾರು ಏನು ಮಾಡಬೇಕೆಂದು ತೋಚದೆ ನಿಂತಿತ್ತು. ಮುಖ್ಯಮಂತ್ರಿ ಅಚ್ಯುತ ಮೆನನ್ 1974ರಲ್ಲಿ ಅದನ್ನು ವಲಿಯತ್ತಾನ್ ಕೈಗೆ ಕೊಟ್ಟರು. ಆಗ ಅವರಿಗೆ ನಲವತ್ತು. ಒಳ್ಳೆಯ ಹೃದಯ ಆಸ್ಪತ್ರೆಯೊಂದನ್ನು ಕಟ್ಟಿದ್ದರೂ ಜನ ಹೊಗಳುತ್ತಿದ್ದರು. ಅವರು ಪಟ್ಟು ಹಿಡಿದದ್ದು ಇನ್ನೊಂದಕ್ಕೆ: ಆಸ್ಪತ್ರೆಯ ಜೊತೆಗೇ, ಅದೇ ಸಂಸ್ಥೆಯ ಇನ್ನೊಂದು ರೆಕ್ಕೆಯಾಗಿ, ಸಾಧನಗಳನ್ನು ತಯಾರಿಸುವ ಎಂಜಿನಿಯರುಗಳ ಕಾರ್ಯಾಗಾರ. ಪೂಜಪ್ಪುರದ ಸಾಟೆಲ್‌ಮಂಡ್ ಅರಮನೆ ಇದಕ್ಕೆ ಸಿಕ್ಕಿತು. ಅರಮನೆಯ ಕೋಣೆಗಳಲ್ಲಿ ಲೇತು, ಪಾಲಿಮರ್ ಪ್ರಯೋಗಾಲಯ, ರಕ್ತದ ಪರೀಕ್ಷೆ. ಪಕ್ಕದಲ್ಲಿ ಕುರಿಗಳಿಗೆ ಆಪರೇಷನ್ ಥಿಯೇಟರು. ಹೊಟ್ಟೆಗೆ ಹಿಟ್ಟಿಲ್ಲದ ದೇಶದಲ್ಲಿ ಜುಟ್ಟಿಗೆ ಮಲ್ಲಿಗೆ ಯಾಕೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಗುರಿ ಸಿಗುವುದಿಲ್ಲ. 1980ರಲ್ಲಿ ಸಂಸತ್ತು ಕಾಯ್ದೆ ಮಾಡಿ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ರಾಷ್ಟ್ರೀಯ ಮಹತ್ವದ್ದೆಂದು ಸಾರಿದಾಗ, ವೈದ್ಯಕೀಯವೂ ತಂತ್ರಜ್ಞಾನವೂ ಅದರ ಹೆಸರಿನಲ್ಲೇ ಒಟ್ಟಿಗೆ ಕೂತವು. ಕೇಂದ್ರದಲ್ಲಿ ಅದು ಸೇರಿದ್ದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ, ಆರೋಗ್ಯ ಇಲಾಖೆಗಲ್ಲ. ಚಿಕ್ಕ ವಿವರ, ಆದರೆ ದುಡ್ಡು ಎಲ್ಲಿಂದ ಬರುತ್ತದೆ, ಯಾವ ಲೆಕ್ಕ ಕೇಳುತ್ತಾರೆ ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಕವಾಟವೇ ಯಾಕೆ? ಆ ಕಾಲದ ವಾರ್ಡುಗಳಲ್ಲಿ ತುಂಬಿದ್ದವರು ಮುದುಕರಲ್ಲ. ಹದಿನೈದು, ಇಪ್ಪತ್ತು, ಮೂವತ್ತರ ಹುಡುಗ ಹುಡುಗಿಯರು. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು ಹೋಗಿರುತ್ತದೆ. ಆ ಸ್ಟ್ರೆಪ್ಟೊಕಾಕಸ್ ರೋಗಾಣುವಿನ ವಿರುದ್ಧ ದೇಹ ಎತ್ತಿದ ಆಯುಧ ಗುರಿ ತಪ್ಪಿ ಸ್ವಂತ ಹೃದಯದ ಕವಾಟಕ್ಕೇ ತಾಗುತ್ತದೆ. ಇದು ರುಮ್ಯಾಟಿಕ್ ಜ್ವರ. ಮತ್ತೆ ಮತ್ತೆ ಬಂದರೆ ಎಡಭಾಗದ ಮೈಟ್ರಲ್ ಕವಾಟದ ತೆಳು ದಳಗಳು ದಪ್ಪವಾಗಿ, ಒಂದಕ್ಕೊಂದು ಅಂಟಿ, ತೆರೆಯಲಾರವು ಅಥವಾ ಮುಚ್ಚಲಾರವು. ರಕ್ತ ಶ್ವಾಸಕೋಶಕ್ಕೆ ಹಿಂದಕ್ಕೆ ಒತ್ತುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ದಿಂಬೇರಿಸಿಕೊಂಡು ಕೂತೇ ನಿದ್ದೆ. ಕಿಕ್ಕಿರಿದ ಮನೆ, ಬಡತನ, ಸಕಾಲಕ್ಕೆ ಸಿಗದ ಪೆನಿಸಿಲಿನ್, ಇವು ಸೇರಿದ ಕಡೆಯೆಲ್ಲ ಈ ರೋಗ. ಕೆಟ್ಟ ಕವಾಟವನ್ನು ಕತ್ತರಿಸಿ ತೆಗೆಯುವ ಸರ್ಜನ್ ನಮ್ಮಲ್ಲಿದ್ದರು. ಅದರ ಜಾಗದಲ್ಲಿ ಕೂರಿಸಬೇಕಾದದ್ದು ಮಾತ್ರ ಡಾಲರು ಕೊಟ್ಟು ಹೊರಗಿನಿಂದ ತರಿಸಬೇಕಿತ್ತು.

ವಲಿಯತ್ತಾನರ ತಂಡ ಆರಿಸಿಕೊಂಡದ್ದು ಓರೆಯಾಗಿ ವಾಲುವ ಬಿಲ್ಲೆಯ ಮಾದರಿ. ಒಂದು ಲೋಹದ ಬಳೆ, ಅದರೊಳಗೆ ಒಂದು ದುಂಡು ಬಿಲ್ಲೆ, ಬಿಲ್ಲೆ ಜಾರಿ ಹೋಗದಂತೆ ಹಿಡಿಯಲು ಎರಡು ಪುಟ್ಟ ಕೊಂಡಿ, ಬಳೆಯ ಸುತ್ತ ಹೊಲಿಗೆ ಹಾಕಲು ಪಾಲಿಯೆಸ್ಟರ್ ಬಟ್ಟೆಯ ಪಟ್ಟಿ. ಕೇಳಲು ಇಷ್ಟೇ. ಈಗ ಲೆಕ್ಕ ಹಾಕಿ: ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ ಲಕ್ಷಕ್ಕೂ ಮಿಗಿಲು, ವರ್ಷಕ್ಕೆ ಸುಮಾರು 3.8 ಕೋಟಿ ಸಲ ಬಿಲ್ಲೆ ತೆರೆದು ಮುಚ್ಚಬೇಕು. ಇಪ್ಪತ್ತರ ಹುಡುಗಿಗೆ ಹಾಕಿದರೆ ನಲವತ್ತು ವರ್ಷ ಹಾಗೆಯೇ ನಡೆಯಬೇಕು. ಉಪ್ಪುನೀರಿನಂಥ ರಕ್ತದಲ್ಲಿ, ತುಕ್ಕು ಹಿಡಿಯದೆ, ರಕ್ತಕಣಗಳನ್ನು ಜಜ್ಜದೆ. ನಡುವೆ ಬಿಚ್ಚಿ ಎಣ್ಣೆ ಹಾಕುವ ಮಾತಿಲ್ಲ.

ಮೊದಲ ಮಾದರಿಯಲ್ಲಿ ಕೊಂಡಿಯನ್ನು ಬಳೆಗೆ ಬೆಸೆದಿದ್ದರು. ಹೃದಯಕ್ಕಿಂತ ಅನೇಕ ಪಟ್ಟು ವೇಗದಲ್ಲಿ ಬಡಿಯುವ ಬಾಳಿಕೆ ಯಂತ್ರದಲ್ಲಿ ಇಟ್ಟಾಗ ಬೆಸುಗೆ ಬಿಟ್ಟಿತು. ಬೆಸುಗೆಯ ಸಹವಾಸವೇ ಬೇಡವೆಂದು ಎರಡನೆಯದರಲ್ಲಿ ಟೈಟೇನಿಯಂ ಗಟ್ಟಿಯೊಂದನ್ನೇ ಕೊರೆದು ಬಳೆ, ಕೊಂಡಿ ಎಲ್ಲವನ್ನೂ ಇಡಿಯಾಗಿ ತೆಗೆದರು. ಬಿಲ್ಲೆಗೆ ಕೃತಕ ನೀಲಮಣಿ ಹಾಕಿದರು. ನೀಲಮಣಿ ಬಲು ಗಟ್ಟಿ, ಸವೆಯಲಿಲ್ಲ, ಟೈಟೇನಿಯಂ ಸವೆಯಿತು. ಮೂರನೆಯದರಲ್ಲಿ ಬಳೆಗೆ ಹೇನ್ಸ್–25 ಎಂಬ ಗಡಸು ಲೋಹ ಬಂತು, ಬಿಲ್ಲೆ ನೀಲಮಣಿಯದೇ. ಯಂತ್ರದಲ್ಲಿ ಪಾಸಾಯಿತು, ಕುರಿಗಳ ಹೃದಯಕ್ಕೆ ಹೋಯಿತು. ಕೆಲವು ತಿಂಗಳು ಚೆನ್ನಾಗಿಯೇ ಇದ್ದ ಕುರಿಯೊಂದು ಸತ್ತಿತು. ತೆರೆದು ನೋಡಿದರೆ ನೀಲಮಣಿ ಒಡೆದಿತ್ತು.

ಈ ಘಟ್ಟದಲ್ಲಿ ನಿಂತು ಯೋಚಿಸಬೇಕು. ವರ್ಷಗಟ್ಟಲೆ ಕೆಲಸ, ಸರ್ಕಾರದ ದುಡ್ಡು, ಮೂರು ಮಾದರಿ, ಮೂರೂ ಸೋಲು. ನಾಲ್ಕನೆಯದರಲ್ಲಿ ಅವರು ರತ್ನವನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಬಂದರು: ಸೊಂಟದ ಕೃತಕ ಕೀಲಿನಲ್ಲಿ ಬಟ್ಟಲಿಗೆ ಬಳಸುವ ಅತಿ ಹೆಚ್ಚು ಅಣುತೂಕದ ಪಾಲಿಥಿಲೀನ್. ಅಗ್ಗ, ಮೆತ್ತಗೆ, ಹೊಡೆತ ತಡೆದುಕೊಳ್ಳುತ್ತದೆ, ಮುಚ್ಚುವಾಗ ಸದ್ದೂ ಕಡಿಮೆ. ಬಿಲ್ಲೆ ತೆರೆದು ಮುಚ್ಚುತ್ತಲೇ ತನ್ನಷ್ಟಕ್ಕೆ ಮೆಲ್ಲಗೆ ತಿರುಗುವುದರಿಂದ ಸವೆತ ಒಂದೇ ಕಡೆ ಬೀಳದೆ ಸುತ್ತಲೂ ಹಂಚಿಹೋಗುತ್ತದೆ. 1990ರ ಡಿಸೆಂಬರಿನಲ್ಲಿ ಇದು ಮೊದಲ ಸಲ ಮನುಷ್ಯನ ಎದೆ ಸೇರಿತು. ಕೆಲಸ ಶುರುವಾಗಿ ಹೆಚ್ಚುಕಡಿಮೆ 12 ವರ್ಷ ಆಗಿತ್ತು. ಅಂದಹಾಗೆ ಆ ಹೇನ್ಸ್–25 ಜೆಟ್ ಎಂಜಿನ್ನುಗಳ ಕಾವು ತಾಳಲೆಂದು ಹುಟ್ಟಿದ ಕೋಬಾಲ್ಟ್–ಕ್ರೋಮಿಯಂ ಬೆರಕೆ. ಎಲ್–605 ಎಂಬ ಇನ್ನೊಂದು ಹೆಸರಿನಲ್ಲಿ ಇಂದು ಬಹಳಷ್ಟು ಸ್ಟೆಂಟುಗಳಿಗೆ ಮೈಯಾಗಿರುವ ಲೋಹವೂ ಅದೇ.

ಬೆಸುಗೆಯನ್ನು ಕೈಬಿಟ್ಟದ್ದು ಎಷ್ಟು ದೊಡ್ಡ ಮಾತೆಂದು ತಿಳಿಯಲು ಅದೇ ವರ್ಷಗಳಲ್ಲಿ ಹೊರಗೆ ಏನಾಯಿತೆಂದು ನೋಡಬೇಕು. ವಾಲುವ ಬಿಲ್ಲೆಯ ಕವಾಟದಲ್ಲಿ ಜಗತ್ತಿಗೇ ಹೆಸರಾದದ್ದು ಸ್ವೀಡನ್ನಿನ ಸರ್ಜನ್ ವೈಕಿಂಗ್ ಬ್ಯೋರ್ಕ್ ಮತ್ತು ಅಮೆರಿಕದ ಎಂಜಿನಿಯರ್ ಡೊನಾಲ್ಡ್ ಶೈಲಿ ಕೂಡಿ ಮಾಡಿದ ಬ್ಯೋರ್ಕ್–ಶೈಲಿ ಕವಾಟ. ಅದರ ಸುಧಾರಿತ ಮಾದರಿಯೊಂದು 1979ರಲ್ಲಿ ಬಂತು. 80 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿದರು. ಕೆಲವರಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಬೆಸುಗೆಯ ಕೊಂಡಿ ಮುರಿದು ಬಿಲ್ಲೆ ಕಳಚಿಕೊಳ್ಳತೊಡಗಿತು. ಹಾಗೆ ಮುರಿದವು ನೂರಾರು. ಅಂಥವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1986ರಲ್ಲಿ ಮಾರಾಟ ನಿಂತಿತು. ಉಳಿದವರು, ಎದೆಯಲ್ಲಿರುವುದು ಯಾವಾಗ ಮುರಿದೀತೋ ಎಂದು ಕಾಯುತ್ತ ಬದುಕಬೇಕಾಯಿತು. ತಿರುವನಂತಪುರದಲ್ಲಿ ಅದೇ ದೋಷ ಪ್ರಯೋಗಾಲಯದ ಯಂತ್ರದಲ್ಲೇ ಸಿಕ್ಕಿಬಿತ್ತು. ಸೋತದ್ದು ಎಲ್ಲಿ ಎಂಬುದು ಮುಖ್ಯ: ಬಾಳಿಕೆ ಯಂತ್ರದಲ್ಲಿ ಸೋತರೆ ಒಂದು ವರ್ಷ ಹೋಗುತ್ತದೆ, ಕುರಿಯಲ್ಲಿ ಸೋತರೆ ಒಂದು ಕುರಿ.

ಹೀಗೆ ಪರೀಕ್ಷಿಸುತ್ತ ಕಾಯಲು ಆಗ ಕಾನೂನಿನ ಒತ್ತಾಯವೂ ಇರಲಿಲ್ಲ. ಕವಾಟ, ಸ್ಟೆಂಟುಗಳಂಥ ಸಾಧನಗಳನ್ನು ನಮ್ಮ ಸರ್ಕಾರ ಔಷಧ ಕಾಯ್ದೆಯ ಹಿಡಿತಕ್ಕೆ ತಂದದ್ದು 2005ರಲ್ಲಿ. ಸಾಧನಗಳಿಗೆಂದೇ ಬೇರೆ ನಿಯಮಾವಳಿ ಬಂದದ್ದು 2017ರಲ್ಲಿ, ಜಾರಿಯಾದದ್ದು 2018ರ ಜನವರಿಯಿಂದ. 1990ರ ದಶಕದ ಆರಂಭದಲ್ಲಿ ಯಾರೂ ಕೇಳುವವರಿಲ್ಲದಿದ್ದಾಗ ಈ ತಂಡ ದೇಶದ ಆರು ಆಸ್ಪತ್ರೆಗಳಲ್ಲಿ 306 ರೋಗಿಗಳಿಗೆ ಕವಾಟ ಹಾಕಿ, ಒಬ್ಬೊಬ್ಬರನ್ನೂ ಹಿಂಬಾಲಿಸಿ ಲೆಕ್ಕ ಇಟ್ಟಿತು. ಆಮೇಲೆಯೇ, 1995ರ ಹೊತ್ತಿಗೆ, ಮಾರುಕಟ್ಟೆ. ತಯಾರಿಕೆಗೆ ಮುಂದೆ ಬಂದದ್ದು ಟಿಟಿಕೆ ಬಳಗ, ನಮ್ಮ ಅಡುಗೆಮನೆಗಳಲ್ಲಿ ಸೀಟಿ ಹೊಡೆಯುವ ಪ್ರೆಸ್ಟೀಜ್ ಕುಕ್ಕರಿನವರೇ. ಇಂದಿಗೆ ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಚಿತ್ರಾ ಕವಾಟ ಕೂತಿದೆ. ಅದೇ ಅರಮನೆಯಿಂದ ಹೊರಟ ಇನ್ನೊಂದು ವಸ್ತು ರಕ್ತದ ಚೀಲ. ಅದು ಬರುವ ಮೊದಲು ನಮ್ಮ ಬ್ಲಡ್ ಬ್ಯಾಂಕುಗಳಲ್ಲಿ ರಕ್ತ ಇರುತ್ತಿದ್ದುದು ಗಾಜಿನ ಬಾಟಲಿಯಲ್ಲಿ. ಕವಾಟಕ್ಕೆ ಸಿಕ್ಕಷ್ಟು ಹೆಸರು ಚೀಲಕ್ಕೆ ಸಿಗಲಿಲ್ಲ, ಉಳಿಸಿದ ಜೀವ ಅದರದ್ದೇ ಹೆಚ್ಚಿರಬಹುದು.

ಕವಾಟದ ಎಂಜಿನಿಯರಿಂಗ್ ತಂಡವನ್ನು ನಡೆಸಿದವರು ಜಿ.ಎಸ್. ಭುವನೇಶ್ವರ್. ಪದ್ಮ ಪ್ರಶಸ್ತಿಯ ಸುದ್ದಿಗಳಲ್ಲಿ ಅವರ ಹೆಸರು ಹುಡುಕಬೇಕು. ಲೋಹ, ಪಾಲಿಮರ್, ದ್ರವದ ಹರಿವು, ಪ್ರಾಣಿಗಳ ಶಸ್ತ್ರಚಿಕಿತ್ಸೆ ಎಂದು ಒಂದೊಂದಕ್ಕೂ ಒಬ್ಬೊಬ್ಬರು ಇದ್ದರು. ವಲಿಯತ್ತಾನರ ದೊಡ್ಡ ಆವಿಷ್ಕಾರ ಯಾವುದೆಂದು ಕೇಳಿದರೆ ನಾನು ಕವಾಟವನ್ನು ಹೇಳುವುದಿಲ್ಲ. ಬೆಳಿಗ್ಗೆ ಎದೆ ತೆರೆಯುವ ಕೈ ಮಧ್ಯಾಹ್ನ ಲೇತಿನ ಪಕ್ಕ ನಿಂತು ‘ಈ ಪಟ್ಟಿ ದಪ್ಪವಾಯಿತು, ಸೂಜಿ ಹೋಗುವುದಿಲ್ಲ’ ಎಂದು ಹೇಳಬಹುದಾದ ಏರ್ಪಾಟು; ಹೇಳಿದ್ದನ್ನು ಕೇಳಿಸಿಕೊಂಡು ತಿದ್ದುವ ಎಂಜಿನಿಯರಿಗೆ ಸರ್ಜನ್ನನಷ್ಟೇ ಖಾಯಂ ನೌಕರಿ, ಸಂಬಳ, ಮರ್ಯಾದೆ; ಮೂರು ಸಲ ಸೋತರೂ ಬಾಗಿಲು ಹಾಕದ ಸಂಸ್ಥೆ. ಈ ಏರ್ಪಾಟೇ ಅವರ ಆವಿಷ್ಕಾರ. ನಮ್ಮ ಊರುಗಳ ಹೃದಯ ಸರ್ಜನ್ನರಲ್ಲಿ ಜಾಣರಿಗೆ ಬರವಿಲ್ಲ. ದಿನಕ್ಕೆ ಮೂರು ಬೈಪಾಸ್ ಮಾಡಿದ ಮೇಲೆ ಲೇತಿನ ಪಕ್ಕ ನಿಲ್ಲಲು ಅವರಿಗೆ ಹೊತ್ತು ಯಾರು ಕೊಡುತ್ತಾರೆ? ಬಡ್ತಿಯ ಅರ್ಜಿಯಲ್ಲಿ ಪ್ರಕಟವಾದ ಲೇಖನಗಳ ಪಟ್ಟಿಗೆ ಜಾಗವಿರುತ್ತದೆ, ಮುರಿದ ಮಾದರಿಗಳ ಪಟ್ಟಿಗೆ ಇರುವುದಿಲ್ಲ.

ಅಹಮದಾಬಾದಿನ ಒಂದು ಪ್ರಸಂಗ ಈ ಮಾತಿಗೆ ಇನ್ನೊಂದು ಮುಖ. 2018ರ ಡಿಸೆಂಬರಿನಲ್ಲಿ ಅಲ್ಲಿನ ಹೃದ್ರೋಗ ತಜ್ಞ ಡಾ. ತೇಜಸ್ ಪಟೇಲ್ ಗಾಂಧಿನಗರದ ಅಕ್ಷರಧಾಮ ದೇವಸ್ಥಾನದಲ್ಲಿ ಕೂತು, ಸುಮಾರು 32 ಕಿಲೋಮೀಟರ್ ದೂರದ ತಮ್ಮ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳಿಗೆ ರೋಬೋಟ್ ಮೂಲಕ ಸ್ಟೆಂಟ್ ಹಾಕಿದರು. ಒಬ್ಬರಿಗಲ್ಲ, ಐವರಿಗೆ. ದೂರದಿಂದ ರೋಬೋಟ್ ನಡೆಸಿ ಹೀಗೆ ಸ್ಟೆಂಟ್ ಹಾಕಿದ್ದು ಜಗತ್ತಿನಲ್ಲೇ ಮೊದಲು. ಪತ್ರಿಕೆಗಳು ಕೊಂಡಾಡಿದವು, ಕೊಂಡಾಡಬೇಕಾದದ್ದೇ. ಯಂತ್ರ ಮಾತ್ರ ಅಮೆರಿಕದ ಕೊರಿಂಡಸ್ ಕಂಪನಿಯದು. ಮರುವರ್ಷ ಜರ್ಮನಿಯ ಸೀಮೆನ್ಸ್ ಆ ಕಂಪನಿಯನ್ನು ಕೊಂಡಿತು. 2023ರಲ್ಲಿ ಹೃದಯದ ರಕ್ತನಾಳಗಳಿಗೆ ಈ ರೋಬೋಟ್ ಮಾಡುವ ಕೆಲಸ ಬಿಡುವುದಾಗಿ ಹೇಳಿತು. ಕೈಚಳಕ ಅಹಮದಾಬಾದಿನದಾಗಿದ್ದರೂ ಮುಂದುವರಿಸಬೇಕೋ ಬೇಡವೋ ಎಂಬ ತೀರ್ಮಾನ ಆದದ್ದು ಬೇರೆಲ್ಲೋ.

ಸೂರತ್, ವಾಪಿಗಳಲ್ಲಿ ತೀರ್ಮಾನ ಅಲ್ಲಿಯೇ ಆಗುತ್ತದೆ, ಅದು ಸಣ್ಣ ಮಾತಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಕಡಿವಾಣ ಹಾಕಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260 ರೂಪಾಯಿ ಎಂದು ಗೆರೆ ಎಳೆದಾಗ, ಲಕ್ಷ ದಾಟಿದ ಬಿಲ್ಲುಗಳನ್ನು ನೋಡಿದ್ದ ಜನ ನಿಟ್ಟುಸಿರು ಬಿಟ್ಟರು. ದೇಶದೊಳಗೇ ತಯಾರಿಸುವವರು ಇಲ್ಲದಿದ್ದರೆ ಸರ್ಕಾರಕ್ಕೆ ಅಂಥ ಗೆರೆ ಎಳೆಯುವ ಧೈರ್ಯ ಬರುತ್ತಿತ್ತೇ ಎಂಬುದು ನನ್ನ ಅನುಮಾನ. ಆದರೆ ಮಾರುಕಟ್ಟೆಗೆ ತನ್ನದೇ ದಾರಿ. ತೊಡೆಯ ನಾಳದಿಂದ ಕೂರಿಸುವ ಕವಾಟ ಹೆಚ್ಚಾಗಿ ಬೇಕಾಗುವುದು ವಯಸ್ಸಾದವರಿಗೆ, ಸುಣ್ಣಗಟ್ಟಿ ಬಿಗಿದ ಮಹಾಧಮನಿಯ ಕವಾಟಕ್ಕೆ. ಅದನ್ನು ಪ್ರಾಣಿಯ ಹೃದಯದ ಹೊರಪೊರೆಯಿಂದ ಮಾಡುತ್ತಾರೆ. ಎಂಬತ್ತರವರಿಗೆ ಅದರ ಆಯಸ್ಸು ಸಾಕು, ಇಪ್ಪತ್ತರವರಿಗೆ ಸಾಲದು. ಯುರೋಪಿನಲ್ಲೂ ಗಿರಾಕಿ ಇರುವ ಸಾಮಾನು ಅದು. ಗಂಟಲು ನೋವಿನಿಂದ ಮೈಟ್ರಲ್ ಕವಾಟ ಬದಲಿಸಲೇಬೇಕಾದಷ್ಟು ಕೆಟ್ಟ ಹಳ್ಳಿಯ ಹುಡುಗಿಗೆ ಇವತ್ತಿಗೂ ಸಾಮಾನ್ಯವಾಗಿ ಎದೆ ತೆರೆದೇ ಆಗಬೇಕು, ಲೋಹದ ಕವಾಟವೇ ಆಗಬೇಕು.

ಲೋಹದ ಕವಾಟದ ಜೊತೆ ಒಂದು ಮಾತ್ರೆ ಜೀವನಪೂರ್ತಿ ಬರುತ್ತದೆ. ಲೋಹ ತಾಗಿದ ರಕ್ತ ಹೆಪ್ಪುಗಟ್ಟಿ ಬಿಲ್ಲೆ ಸಿಕ್ಕಿಹಾಕಿಕೊಳ್ಳದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್. ಕಡಿಮೆಯಾದರೆ ಕವಾಟ ಕಟ್ಟಿಕೊಂಡು ಪ್ರಾಣಾಪಾಯ, ಹೆಚ್ಚಾದರೆ ಮಿದುಳಿನಲ್ಲಿ ರಕ್ತಸ್ರಾವ. ಅಳತೆ ಸರಿಯಿದೆಯೇ ಎಂದು ನೋಡಲು ಐಎನ್‌ಆರ್ ಎಂಬ ರಕ್ತಪರೀಕ್ಷೆ. ಮೈಟ್ರಲ್ ಕವಾಟವಾದರೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಒಂದು ವಾರ ದಿನವೂ ಸೊಪ್ಪಿನ ಸಾರು ಉಂಡು ಮುಂದಿನ ವಾರ ಬರೀ ಬೇಳೆಸಾರಿಗೆ ತಿರುಗಿದರೆ ಸಾಕು, ಸೊಪ್ಪಿನ ವಿಟಮಿನ್ ಕೆ ಏರುಪೇರಾಗಿ ಸಂಖ್ಯೆ ಅತ್ತಿತ್ತ ಆಗುತ್ತದೆ. ಸೊಪ್ಪು ಬಿಡಬೇಕಿಲ್ಲ, ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಇದನ್ನು ರೋಗಿಗೆ ಕೂರಿಸಿ ಹೇಳುವವರು ಬೇಕು, ಪರೀಕ್ಷೆ ಮಾಡುವ ಲ್ಯಾಬ್ ಬಸ್ಸಿನ ದಾರಿಯಲ್ಲಿ ಸಿಗಬೇಕು. ಆಕೆ ಬಸುರಿಯಾದರೆ ಇಕ್ಕಟ್ಟು ಇನ್ನೂ ಬಿಗಿ: ಮೊದಲ ಮೂರು ತಿಂಗಳಲ್ಲಿ ಈ ಮಾತ್ರೆಯಿಂದ ಭ್ರೂಣದ ಮೂಗು, ಮೂಳೆಗಳ ಬೆಳವಣಿಗೆ ಕೆಡುವ ಭಯ, ಮಾತ್ರೆ ನಿಲ್ಲಿಸಿದರೆ ತಾಯಿಯ ಕವಾಟಕ್ಕೆ ಭಯ. ಆಗ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಇಂಜೆಕ್ಷನ್, ಬೆಳಿಗ್ಗೆ ಒಂದು, ಸಂಜೆ ಒಂದು, ಜೊತೆಗೆ ಮತ್ತೆ ಮತ್ತೆ ರಕ್ತಪರೀಕ್ಷೆ. ಸರ್ಕಾರಿ ವಿಮೆಯ ಕಾರ್ಡು ಆಪರೇಷನ್ನಿನ ಬಿಲ್ಲು ಕಟ್ಟಿದ ಎಷ್ಟೋ ವರ್ಷಗಳ ಮೇಲೆ ಬರುವ ಖರ್ಚು ಇದು. ರಕ್ತ ಹೆಪ್ಪುಗಟ್ಟಿಸದೆ ನಲವತ್ತು ವರ್ಷ ಬಾಳುವ, ಮಾತ್ರೆ ಕೇಳದ ಕವಾಟವನ್ನು ಇದುವರೆಗೆ ಯಾವ ದೇಶವೂ ಮಾರುಕಟ್ಟೆಗೆ ತಂದಿಲ್ಲ. ಅದು ಬೇಕಾಗಿರುವವರು ಹೆಚ್ಚಾಗಿ ಇರುವುದು ನಮ್ಮಲ್ಲಿ, ಆಫ್ರಿಕಾದಲ್ಲಿ, ಅಂಥ ಬಡ ದೇಶಗಳಲ್ಲಿ.